ನಾಯಿ ಎಳೆಯದೆ ನಡೆಯಬೇಕಾ? ಮೊದಲು ನೀವು ನಿಲ್ಲುವುದನ್ನು ಕಲಿಯಿರಿ

ನಾಯಿ ಯಾಕೆ ಎಳೆಯುತ್ತದೆ ಅಂದರೆ, ಎಳೆದರೆ ಅದರ ಕೆಲಸ ಆಗುತ್ತದೆ, ಅಷ್ಟೇ. ಅದಕ್ಕೆ ಆ ಕರೆಂಟು ಕಂಬ ಮೂಸಬೇಕು. ಎಳೆಯಿತು, ನೀವು ಹಿಂದೆ ಹೋದಿರಿ, ಕಂಬ ಸಿಕ್ಕಿತು. ನಾಳೆಯೂ ಎಳೆಯುತ್ತದೆ. ಇದರಲ್ಲಿ ಕೊಬ್ಬು, ಹಠ, ನಿಮ್ಮ ಮೇಲೆ ಯಜಮಾನಿಕೆ ಮಾಡುವ ಆಸೆ ಇವೇನೂ ಇಲ್ಲ. ಅದರ ನಡಿಗೆಯೇ ನಮಗಿಂತ ಜೋರು. ಮೇಲಿಂದ ನೀವು ಹಿಂದಕ್ಕೆ ಜಗ್ಗಿದಷ್ಟೂ ಅದರ ಮೈ ತಾನಾಗಿ ಮುಂದಕ್ಕೆ ಒತ್ತುತ್ತದೆ, ಹಾಗಾಗಿ ಜಗ್ಗಾಟದಲ್ಲಿ ನೀವು ಗೆಲ್ಲುವುದಿಲ್ಲ, ಲ್ಯಾಬ್ರಡಾರ್ ಥರದ್ದಾದರೆ ಭುಜ ನೋವು ಬರುವುದೊಂದೇ ಲಾಭ.

ಕಲಿಸಬೇಕಾದ್ದು ಒಂದೇ ವಿಷಯ. ಹಗ್ಗ ಸಡಿಲ ಇದ್ದರೆ ಮುಂದೆ ಹೋಗುತ್ತೇವೆ, ಬಿಗಿಯಾದರೆ ಹೋಗುವುದಿಲ್ಲ. ಮಿಕ್ಕಿದ್ದೆಲ್ಲ ಇದಕ್ಕೆ ದಾರಿ ಮಾಡಿಕೊಡುವುದು.

ಮೊದಲು ಸಾಮಾನು. ಕಬ್ಬಿಣದ ಚೈನು ಬೇಡ. ಭಾರ, ಸದ್ದು, ಕೈಗೆ ಸುತ್ತಿಕೊಂಡರೆ ಬೆರಳಿಗೂ ಅಪಾಯ. 5-6 ಅಡಿ ಉದ್ದದ ನೈಲಾನ್ ಅಥವಾ ಹತ್ತಿಯ ಹಗ್ಗ ಸಾಕು. ಗುಂಡಿ ಒತ್ತಿದರೆ ಒಳಗೆ ಸುತ್ತಿಕೊಳ್ಳುವ ಹಗ್ಗ ಬರುತ್ತದಲ್ಲ, ಅದನ್ನು ಕಲಿಸುವ ಕಾಲದಲ್ಲಂತೂ ಮುಟ್ಟಲೇಬೇಡಿ. ಅದರಲ್ಲಿ ಹಗ್ಗ ಯಾವಾಗಲೂ ಸ್ವಲ್ಪ ಬಿಗಿಯಾಗೇ ಇರುತ್ತದೆ, ಎಳೆದಷ್ಟೂ ಉದ್ದ ಬರುತ್ತದೆ, ಅಂದರೆ ನಾವು ಬೇಡ ಅನ್ನುವುದನ್ನೇ ಅದು ಕಲಿಸುತ್ತದೆ. ಜಾಸ್ತಿ ಎಳೆಯುವ ನಾಯಿಗೆ ಎದೆಯ ಹತ್ತಿರ ಮುಂದುಗಡೆ ರಿಂಗ್ ಇರುವ ಹಾರ್ನೆಸ್ (ಎದೆ, ಬೆನ್ನು ಸುತ್ತಿ ಹಾಕುವ ಪಟ್ಟಿ) ತೆಗೆದುಕೊಳ್ಳಿ. ಎಳೆದಾಗ ಮೈ ಪಕ್ಕಕ್ಕೆ ತಿರುಗುತ್ತದೆ, ಕತ್ತಿಗೆ ಒತ್ತಡ ಬೀಳುವುದಿಲ್ಲ. ಬೆಲ್ಟಾಗಲಿ ಹಾರ್ನೆಸ್ಸಾಗಲಿ, ಒಳಗೆ ಎರಡು ಬೆರಳು ತೂರುವಷ್ಟು ಜಾಗ ಇರಲಿ. ಕತ್ತು ಬಿಗಿಯುವ ಚೈನು, ಮುಳ್ಳಿನ ಬೆಲ್ಟು ನನ್ನ ಪ್ರಕಾರ ಅಂಗಡಿಯಲ್ಲೇ ಇರಲಿ. ಅವು ಶ್ವಾಸನಾಳಕ್ಕೆ ಪೆಟ್ಟು ಮಾಡಬಹುದು, ನೋವಿಗೆ ಸುಮ್ಮನಾದ ನಾಯಿ ಏನೂ ಕಲಿತಿರುವುದಿಲ್ಲ.

ಇನ್ನು ತಿಂಡಿ. ಉಪ್ಪು ಮಸಾಲೆ ಹಾಕದೆ ಬೇಯಿಸಿದ ಕೋಳಿ, ಮೊಟ್ಟೆ, ಪನೀರ್, ಕ್ಯಾರೆಟ್ ಯಾವುದಾದರೂ ಸರಿ, ಬಟಾಣಿ ಕಾಳಿನಷ್ಟು ತುಂಡು ಸಾಕು. ಮಂಡ್ಯ ಕಡೆ ಮುದ್ದೆ ತಿಂದು ಬೆಳೆದ ನಾಯಿಗಳು ಒಂದು ಚೂರು ಮುದ್ದೆಗೂ ಬಾಲ ಆಡಿಸುತ್ತವೆ, ಆದರೆ ರಸ್ತೆಯ ಗಲಾಟೆಯಲ್ಲಿ ಗಮನ ಹಿಡಿಯಬೇಕಾದರೆ ದಿನಾ ಸಿಗದ ರುಚಿಯೇ ಬೇಕು. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ನಾಯಿಗೆ ವಿಷ, ಕೊಡಲೇಬೇಡಿ. ಇಲ್ಲಿ ಕೊಟ್ಟಷ್ಟನ್ನು ರಾತ್ರಿಯ ಊಟದಲ್ಲಿ ಕಡಿಮೆ ಮಾಡಿ.

ಪಾಠ ಶುರುವಾಗುವುದು ರಸ್ತೆಯಲ್ಲಲ್ಲ, ಮನೆಯೊಳಗೆ. ಹಾಲ್‌ನಲ್ಲೋ ತಾರಸಿಯಲ್ಲೋ ಹಗ್ಗ ಇಲ್ಲದೆ ಸುಮ್ನೆ ಓಡಾಡಿ. ನಾಯಿ ನಿಮ್ಮ ಪಕ್ಕಕ್ಕೆ ಬಂದ ತಕ್ಷಣ "ಭೇಷ್" ಅನ್ನಿ, ತಿಂಡಿ ಕೊಡಿ. ಎಲ್ಲಿ ಕೊಡುತ್ತೀರಿ ಅನ್ನುವುದು ಮುಖ್ಯ. ನಿಮ್ಮ ತೊಡೆಯ ಪಕ್ಕದಲ್ಲೇ ಕೊಡಬೇಕು. ಕೈ ಮುಂದಕ್ಕೆ ಚಾಚಿ ಕೊಟ್ಟರೆ ನಾಯಿ ಮುಂದೆ ಹೋಗಿ ನಿಲ್ಲುವುದನ್ನೇ ಕಲಿಯುತ್ತದೆ. ತಡ ಮಾಡಿದರೂ ಕಷ್ಟ, ಅಷ್ಟರಲ್ಲಿ ಅದು ಇನ್ನೇನೋ ಮಾಡಿರುತ್ತದೆ, ತಿಂಡಿ ಅದಕ್ಕೇ ಸಿಕ್ಕಿತು ಅಂದುಕೊಳ್ಳುತ್ತದೆ. ಇದು ಹಿಡಿತಕ್ಕೆ ಬಂದಮೇಲೆ ಅದೇ ಜಾಗದಲ್ಲಿ ಹಗ್ಗ ಹಾಕಿ. ಲಸಿಕೆ ಮುಗಿಯದ ಮರಿಗೂ ಇಷ್ಟನ್ನು ಮನೆಯಲ್ಲೇ ಕಲಿಸಬಹುದು, ಹೊರಗೆ ಯಾವಾಗ ಅನ್ನುವುದನ್ನು ನಿಮ್ಮ ಪಶುವೈದ್ಯರು ಹೇಳುತ್ತಾರೆ.

ಆಮೇಲೆ ಕಾಂಪೌಂಡು, ಆಮೇಲೆ ಗೇಟಿನ ಮುಂದೆ, ಆಮೇಲೆ ಜನ ಓಡಾಡದ ಅಡ್ಡರಸ್ತೆ, ಕೊನೆಗೆ ಮೇನ್ ರೋಡು. ನಮ್ಮ ಮೈಸೂರಿನ ದಸರಾ ಆನೆಗಳನ್ನೇ ನೋಡಿ, ಗಜಪಯಣ ಮುಗಿಸಿ ಬಂದ ತಕ್ಷಣ ಯಾರೂ 750 ಕೆಜಿ ಅಂಬಾರಿ ಕಟ್ಟುವುದಿಲ್ಲ. ಮೊದಲು ಬರಿ ಮೈಯಲ್ಲಿ ನಡೆಸುತ್ತಾರೆ, ಆಮೇಲೆ ಮರಳು ಮೂಟೆ ಹೊರಿಸಿ ತೂಕ ಏರಿಸುತ್ತಾ ಹೋಗುತ್ತಾರೆ, ಫಿರಂಗಿ ಸದ್ದನ್ನೂ ಮೊದಲೇ ಕೇಳಿಸಿ ಅಭ್ಯಾಸ ಮಾಡಿಸುತ್ತಾರೆ. ನಿಮ್ಮ ಮರಿಯನ್ನು ಮಾತ್ರ ಮೊದಲ ದಿನವೇ ಜನ ತುಂಬಿದ ದೇವರಾಜ ಅರಸು ರಸ್ತೆಗೆ ಕರೆದುಕೊಂಡು ಹೋಗಿ "ಮಾತೇ ಕೇಳಲ್ಲ" ಅಂದರೆ ಹೇಗೆ?

ಗೇಟು ದಾಟುವ ಮೊದಲೇ ಅರ್ಧ ಪಾಠ ಇದೆ. ಹಗ್ಗ ಕೈಗೆ ತೆಗೆದುಕೊಂಡರೆ ಸಾಕು, ಕೆಲವು ನಾಯಿ ಮೈಮೇಲೆ ಹಾರಿ, ಬೊಗಳಿ, ಮನೆ ತುಂಬ ಗಿರಗಿರ ಸುತ್ತುತ್ತವೆ. ಆಗ ಹಗ್ಗ ವಾಪಸ್ ಮೊಳೆಗೆ ನೇತು ಹಾಕಿ, ಕೂತು ಪೇಪರ್ ಓದಿ. ತಣ್ಣಗಾದಾಗ ಮತ್ತೆ ತೆಗೆಯಿರಿ. ನಾಲ್ಕು ಕಾಲೂ ನೆಲದ ಮೇಲಿದ್ದರೆ ಮಾತ್ರ ಕೊಕ್ಕೆ ಹಾಕುವುದು, ಗೇಟಿನ ಮುಂದೆ ಒಂದು ಕ್ಷಣ ನಿಂತರೆ ಮಾತ್ರ ಗೇಟು ತೆಗೆಯುವುದು. ಕುಣಿಯುತ್ತಾ ಹೊರಟ ನಾಯಿ ಇಡೀ ದಾರಿ ಕುಣಿಯುತ್ತಲೇ ಹೋಗುತ್ತದೆ.

ಈಗ ರಸ್ತೆ. ಹಗ್ಗ ಬಿಗಿಯಾದ ಕೂಡಲೇ ನಿಲ್ಲಿ. ಬೈಯಬೇಡಿ, ಜಗ್ಗಬೇಡಿ, ಹೆಸರು ಹಿಡಿದು ಕೂಗಲೂಬೇಡಿ. ಕೈ ಹೊಟ್ಟೆಯ ಹತ್ತಿರ ಇಟ್ಟುಕೊಂಡು ಸುಮ್ಮನೆ ನಿಂತುಬಿಡಿ. ಅದು ತಿರುಗಿ ನೋಡಿದರೂ, ಒಂದು ಹೆಜ್ಜೆ ಹಿಂದೆ ಬಂದರೂ ಹಗ್ಗ ಸಡಿಲ ಆಗುತ್ತದೆ. ಆಗ "ಭೇಷ್" ಅಂದು ಹೊರಡಿ. ಮತ್ತೆ ಬಿಗಿಯಾಯಿತಾ, ಮತ್ತೆ ನಿಲ್ಲಿ. ನಿಂತಲ್ಲೇ ನಿಂತು ಎಳೆಯುತ್ತಲೇ ಇದ್ದರೆ ಮೆಲ್ಲಗೆ ತಿರುಗಿ ಬಂದ ದಾರಿಯಲ್ಲೇ ನಡೆಯಿರಿ, ಅದು ಹಿಂದೆ ಬಂದು ಪಕ್ಕಕ್ಕೆ ಸೇರಿದಾಗ ತಿಂಡಿ. ಶುರುವಿನಲ್ಲಿ ನಾಲ್ಕು ಮನೆ ದಾಟುವಷ್ಟರಲ್ಲಿ ವಾಕಿಂಗ್ ಟೈಮೇ ಮುಗಿದಿರುತ್ತದೆ. ಎದುರು ಮನೆಯವರು "ಯಾಕೆ ಸಾರ್, ಏನಾದ್ರೂ ಕಳ್ಕೊಂಡ್ರಾ?" ಅಂತ ಕೇಳಬಹುದು. ಕೇಳಲಿ ಬಿಡಿ.

ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಭಾನುವಾರ ಪುರುಸೊತ್ತಿದೆ, ನಿಲ್ಲುತ್ತೀರಿ. ಸೋಮವಾರ ಆಫೀಸಿಗೆ ಹೊತ್ತಾಯಿತು, ಎಳೆದರೂ ಹಿಂದೆ ಓಡುತ್ತೀರಿ. ನಾಯಿಗೆ ಅರ್ಥ ಆಗುವುದು, ಜಾಸ್ತಿ ಹೊತ್ತು ಎಳೆದರೆ ಯಾವತ್ತಾದರೂ ಗಿಟ್ಟುತ್ತದೆ ಅಂತ. ದಿನಾ ಗಿಟ್ಟುವುದಕ್ಕಿಂತ ಆಗಾಗ ಗಿಟ್ಟುವ ಚಟ ಬಿಡಿಸುವುದು ಕಷ್ಟ. ಇದಕ್ಕೊಂದು ಉಪಾಯ ಇದೆ: ಪಾಠದ ದಿನ ಹಗ್ಗವನ್ನು ಹಾರ್ನೆಸ್ಸಿನ ಎದೆಯ ರಿಂಗಿಗೆ ಹಾಕಿ, ಅವಸರದ ದಿನ ಅದರ ಬೆನ್ನಿನ ಮೇಲಿನ ರಿಂಗಿಗೆ. ಎದೆಯ ರಿಂಗ್ ಅಂದರೆ ನಿಯಮ ಉಂಟು, ಬೆನ್ನಿನದು ಅಂದರೆ ಇಲ್ಲ ಅನ್ನುವ ವ್ಯತ್ಯಾಸ ನಾಯಿ ಬೇಗ ಹಿಡಿಯುತ್ತದೆ. ಮನೆಯವರೆಲ್ಲರಿಗೂ ಇದೇ ನಿಯಮ. ನೀವು ನಿಲ್ಲುವುದು, ಸಂಜೆ ತಾತ "ಪಾಪ, ಹೋಗ್ಲಿ ಬಿಡು" ಅಂತ ಹಿಂದೆ ಹೋಗುವುದು, ಎರಡೂ ಒಟ್ಟಿಗೆ ನಡೆಯುವುದಿಲ್ಲ.

ಮೂಸುವುದನ್ನು ಮಾತ್ರ ತಪ್ಪಿಸಬೇಡಿ. ನಮಗೆ ವಾಕಿಂಗ್ ಅಂದರೆ ಕಾಲಿನ ಕೆಲಸ, ಅದಕ್ಕೆ ಮೂಗಿನ ಕೆಲಸ. ಸ್ವಲ್ಪ ದೂರ ಸಡಿಲವಾಗಿ ನಡೆದರೆ "ಹೋಗು, ಮೂಸು" ಅಂತ ಒಂದು ಗಿಡದ ಬುಡಕ್ಕೆ ಬಿಡಿ. ಅದೇ ಬಹುಮಾನ, ತಿಂಡಿಯೂ ಉಳಿಯಿತು. ಆದರೆ ಜಾಗ ನೀವು ಆರಿಸಿ. ಸರಸ್ವತೀಪುರಂ ಆಗಲಿ ಒಂಟಿಕೊಪ್ಪಲ್ ಆಗಲಿ, ಬೆಳಗ್ಗೆ ಗೇಟಿನ ಮುಂದೆ ಆಗತಾನೆ ನೀರು ಹಾಕಿ ರಂಗೋಲಿ ಬಿಟ್ಟಿರುತ್ತಾರೆ, ಅದರ ಮೇಲೆ ಕಾಲೆತ್ತಿದರೆ ಜಗಳ ಗ್ಯಾರಂಟಿ. ನ್ಯಾಯ ಅವರ ಕಡೆಯೇ. ಜೇಬಿನಲ್ಲಿ ಹಳೇ ಪೇಪರ್, ಕವರ್ ಇರಲಿ, ನಾಯಿ ಕಕ್ಕ ಮಾಡಿದರೆ ಎತ್ತಿಕೊಂಡು ಬನ್ನಿ.

ನಮ್ಮೂರಲ್ಲಿ ದೊಡ್ಡ ಪರೀಕ್ಷೆ ಬೀದಿನಾಯಿಗಳದ್ದು. ಒಂದೊಂದು ರಸ್ತೆ ಒಂದೊಂದು ಗುಂಪಿನದು, ಕೋಳಿ ಅಂಗಡಿಯ ಮುಂದೆ ಇನ್ನೂ ಜೋರು. ದೂರದಲ್ಲಿ ಕಂಡಾಗಲೇ ರಸ್ತೆ ದಾಟಿ, ಇಲ್ಲವೇ ಬಳಸಿಕೊಂಡು ಹೋಗಿ. ನೀವು ಹೆದರಿ ಹಗ್ಗ ಗಟ್ಟಿಯಾಗಿ ಹಿಡಿದರೆ ನಿಮ್ಮ ನಾಯಿ ಇನ್ನೂ ಕೆರಳುತ್ತದೆ. ಅವು ಹತ್ತಿರ ಬಂದರೆ ಒಂದು ಹಿಡಿ ತಿಂಡಿ ಅವುಗಳ ಕಡೆ ಎರಚಿ, ತಿರುಗಿ ನಡೆಯಿರಿ, ಓಡಬೇಡಿ. ನಿಮಗೆ ಕಚ್ಚಿದರೆ, ಪರಚಿದರೂ ಅಷ್ಟೇ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ನಿಮ್ಮ ನಾಯಿಗೆ ಕಚ್ಚಿದ್ದರೆ, ಲಸಿಕೆ ಆಗಿದ್ದರೂ ಪಶುವೈದ್ಯರಿಗೆ ತೋರಿಸಿ.

"ಅಂಕಲ್, ಮುಟ್ಲಾ?" ಅಂತ ಮಕ್ಕಳು ಓಡಿ ಬಂದಾಗಲೂ ಲೆಕ್ಕ ಒಂದೇ. ನಾಯಿ ನಿಂತಿದ್ದರೆ ಹೂಂ ಅನ್ನಿ, ಎಳೆಯುತ್ತಿದ್ದರೆ "ಇವತ್ತು ಬೇಡ ಪುಟ್ಟಾ" ಅನ್ನಿ.

ಮಾರ್ಚ್, ಏಪ್ರಿಲ್ ಬಂತು ಅಂದರೆ ಬಿಸಿಲೇರುವ ಮೊದಲೇ ಮುಗಿಸಿ. ಡಾಂಬರಿನ ಮೇಲೆ ಅಂಗೈ ಹಿಂಭಾಗ ಇಡಿ, 5 ಸೆಕೆಂಡ್ ಇಡಲು ಆಗದಿದ್ದರೆ ನಾಯಿಯ ಪಾದವೂ ಸುಡುತ್ತದೆ. ಚೆನ್ನಾಗಿ ನಡೆಯುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಕೂತುಬಿಟ್ಟರೆ ಹಠ ಅಂದುಕೊಳ್ಳುವ ಮೊದಲು ಪಾದ ನೋಡಿ, ಮುಳ್ಳೋ ಗಾಜೋ ಇರಬಹುದು.

ತಿಂಡಿಯನ್ನು ಒಮ್ಮೆಗೇ ನಿಲ್ಲಿಸಬೇಡಿ. ಮೊದಲು ಎರಡು ಹೆಜ್ಜೆಗೊಂದು, ಆಮೇಲೆ ಎರಡು ಮನೆಗೊಂದು, ಆಮೇಲೆ ಕಷ್ಟದ ಜಾಗದಲ್ಲಿ ಮಾತ್ರ. ದೀಪಾವಳಿ ವಾರದಲ್ಲಿ ಮತ್ತೆ ಧಾರಾಳವಾಗಿ ಕೊಡಿ, ಕತ್ತಲಾಗುವ ಮೊದಲೇ ಮನೆ ಸೇರಿ. ಪಟಾಕಿಗೆ ಬೆಚ್ಚಿದ ನಾಯಿ ಬೆಲ್ಟಿನಿಂದ ತಲೆ ಕಿತ್ತುಕೊಂಡು ಓಡುತ್ತದೆ, ಆ ನಾಲ್ಕು ದಿನ ಬೆಲ್ಟು, ಹಾರ್ನೆಸ್ ಎರಡಕ್ಕೂ ಕೊಕ್ಕೆ ಹಾಕಿಯೇ ಹೊರಡಿ.