ಖಾಲಿ ಜಾಗ ಬಿಟ್ಟು ಪೋಸ್ಟರ್ ಮಾಡುವುದು ಹೇಗೆ?

ವಿಜಯಪುರದ ಗೋಳಗುಮ್ಮಟದೊಳಗೆ ಕಾಲಿಟ್ಟ ಕೂಡಲೇ ಕಾಣುವುದು ಏನು? ಖಾಲಿ ಜಾಗ. 1656ರ ಆ ಕಟ್ಟಡದ ಗುಮ್ಮಟ ಹೊರಗಿನಿಂದ ಸುಮಾರು 44 ಮೀಟರ್ ಅಗಲ. ಒಳಗೆ ನಡುವೆ ಒಂದೂ ಕಂಬವಿಲ್ಲ. ಕಂಬಗಳಿದ್ದಿದ್ದರೆ ಅದು ಇಷ್ಟು ದೊಡ್ಡದು ಅನ್ನಿಸುತ್ತಿರಲಿಲ್ಲ, ಅಲ್ವಾ?

ಬೇಡದ್ದನ್ನು ತೆಗೆದು ಬೇಕಾದಷ್ಟನ್ನೇ ಉಳಿಸುವ ರೀತಿಗೆ ಮಿನಿಮಲಿಸಂ ಎನ್ನುತ್ತಾರೆ. ಈ ಹೆಸರು 1960ರ ದಶಕದಲ್ಲಿ ಅಮೆರಿಕದ ಕಲಾಲೋಕದಲ್ಲಿ ಚಾಲ್ತಿಗೆ ಬಂತು. ಆ ದಾರಿಯಲ್ಲೇ ಇಳಕಲ್ ಸೀರೆ ಅಂಗಡಿಗೊಂದು ಪೋಸ್ಟರ್ ಮಾಡೋಣ.

ಮೊದಲು ಹೇಳಬೇಕಾದ ಒಂದೇ ಮಾತನ್ನು ಹಾಳೆಯಲ್ಲಿ ಬರೆಯಿರಿ. ಹಬ್ಬದ ರಿಯಾಯಿತಿ, ಹೊಸ ಸ್ಟಾಕ್, ಕೈಮಗ್ಗ ಎಂದು ಮೂರು ಬಂದರೆ ಎರಡನ್ನು ಹೊಡೆದುಹಾಕಿ. ನಾನಾದರೆ ಕೈಮಗ್ಗ ಉಳಿಸಿಕೊಳ್ಳುತ್ತೇನೆ.

ಆಮೇಲೆ ಚಿತ್ರ. ಪೂರ್ತಿ ಸೀರೆ ಬೇಡ. ಒಡಲು ಮತ್ತು ಸೆರಗು ಕೂಡುವ ಜಾಗ ಸಾಕು. ಒಡಲಿನ ಹಾಸೆಳೆಗೆ (ಮಗ್ಗದಲ್ಲಿ ಉದ್ದಕ್ಕೆ ಹಾಸಿದ ಎಳೆ) ಸೆರಗಿನ ಹಾಸೆಳೆಯನ್ನು ಕುಣಿಕೆ ಹಾಕಿ ಸೇರಿಸುತ್ತಾರೆ. ಅದೇ ಕೊಂಡಿ, ಇಳಕಲ್ ಸೀರೆಯ ಗುರುತು. ಬಣ್ಣವನ್ನೂ ಸೆರಗಿನಿಂದಲೇ ತೆಗೆದುಕೊಳ್ಳಿ. ಕೆಂಪು, ಬಿಳಿ, ಅಷ್ಟೇ.

ಫಾಂಟ್ ಒಂದೇ ಇರಲಿ, ಅಳತೆ ಎರಡು. ಕನ್ನಡಕ್ಕೆ ಇಂಗ್ಲಿಷಿಗಿಂತ ಜಾಸ್ತಿ ಸಾಲಿನ ಅಂತರ ಬೇಕು. ಮೇಲಿನ ಸಾಲಿನ ಒತ್ತಕ್ಷರ ಕೆಳಗಿಳಿಯುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲೇರುತ್ತದೆ. ಅಕ್ಷರ 40 ಪಾಯಿಂಟ್ ಇದ್ದರೆ ಒಂದು ಸಾಲಿನ ಬುಡದಿಂದ ಮುಂದಿನ ಸಾಲಿನ ಬುಡಕ್ಕೆ ಅಂತರ 60 ಪಾಯಿಂಟಿನಿಂದ ಶುರುಮಾಡಿ, ಕಣ್ಣಳತೆಯಲ್ಲಿ ಹೊಂದಿಸಿ.

ಈಗ ಕಷ್ಟದ ಕೆಲಸ. ಅರ್ಧ ಹಾಳೆ ಖಾಲಿ ಬಿಡಿ. "ಇಷ್ಟ್ ಜಾಗ ಸುಮ್ನ ಹಾಳಾತಲ್ರೀ, ಹೆಸರು ದೊಡ್ಡದು ಮಾಡ್ರಿ" ಎಂದು ಅಂಗಡಿಯವರು ಅನ್ನಬಹುದು. ವಾದ ಬೇಡ. ತುಂಬಿಸಿದ್ದೊಂದು, ಖಾಲಿ ಬಿಟ್ಟದ್ದೊಂದು, ಎರಡನ್ನೂ ಗೋಡೆಗೆ ಹಚ್ಚಿ. ಅವರನ್ನು ಹತ್ತು ಹೆಜ್ಜೆ ದೂರ ನಿಲ್ಲಿಸಿ ತೋರಿಸಿ.

ಇನ್ನು ಪೋಸ್ಟರಿನಲ್ಲಿ ಸೀರೆಯ ಬಗ್ಗೆ ಹೇಳುವ ಕಥೆ. ಇದಕ್ಕೆ ಬಾದಾಮಿಗೆ ಹೋಗಬೇಕು. ಅಲ್ಲಿನ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟ ಎಂಬ ವೀರನ ಶಾಸನವಿದೆ. ಅದರ ಒಂದು ತ್ರಿಪದಿ ಮೂರೇ ಸಾಲಿನಲ್ಲಿ ಅವನನ್ನು ಕಣ್ಣಮುಂದೆ ನಿಲ್ಲಿಸುತ್ತದೆ. ಒಳ್ಳೆಯವರಿಗೆ ಒಳ್ಳೆಯವನು, ಸವಿಯಾದವರಿಗೆ ಸವಿ, ಕಾಡಲು ಬಂದವರಿಗೆ ವಿಪರೀತ. ಅವನ ಎತ್ತರ, ಬಣ್ಣ, ಮೀಸೆ ಯಾವುದೂ ಅಲ್ಲಿಲ್ಲ. ಆದರೂ ಮನುಷ್ಯ ಗುರುತು ಸಿಗುತ್ತಾನೆ. ನನಗೆ ಇದಕ್ಕಿಂತ ದೊಡ್ಡ ಪಾಠ ಬೇರೆಲ್ಲೂ ಸಿಕ್ಕಿಲ್ಲ.

ನಿಮ್ಮ ಕಥೆಯನ್ನೂ ಹಾಗೇ ಇಳಿಸಿ. "ನೇಕಾರರು ತುಂಬಾ ಶ್ರಮಪಟ್ಟು ನೇಯ್ದ ಅತಿ ಸುಂದರ ಸೀರೆ" ಎಂದು ಬರೆಯಬೇಡಿ. ಹೀಗೆ ಬರೆದು ನೋಡಿ:

ಒಡಲು ಹತ್ತಿ.
ಸೆರಗು ರೇಷ್ಮೆ.
ನಡುವೆ ಎಳೆಗೊಂದು ಕೊಂಡಿ.

ಶ್ರಮ ಎಷ್ಟು ಅನ್ನುವುದು ಓದಿದವರಿಗೇ ಹೊಳೆಯುತ್ತದೆ.

ಅಚ್ಚಿಗೆ ಕೊಡುವ ಮುಂಚೆ ಒಂದೊಂದನ್ನೇ ಬೆರಳಿನಿಂದ ಮುಚ್ಚಿ ನೋಡಿ. ಮುಚ್ಚಿದರೂ ಮಾತು ತಿಳಿಯುತ್ತಿದ್ದರೆ ಅದನ್ನು ತೆಗೆಯಿರಿ. ವಿಳಾಸ, ಫೋನ್ ನಂಬರ್ ಮಾತ್ರ ತೆಗೆಯಬೇಡಿ. ಕೆಳಗಿನ ಮೂಲೆಯಲ್ಲಿ, ಚಿಕ್ಕದಾಗಿ ಇರಲಿ.