ಎಸಿ ಕೊನೆಗೆ, ಮಾಳಿಗೆ ಮೊದಲು: ರಾಯಚೂರು ಬಿಸಿಲಿಗೆ ಆಫೀಸು ತಂಪಾಗಿಸುವುದು ಹೇಗೆ?

ಏಪ್ರಿಲ್ ಬಂದರೆ ನಮ್ಮ ಕಡೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ ಒಂದೂವರೆಗೆ ಮುಗಿಯುತ್ತವೆ. ಖಾಸಗಿ ಆಫೀಸಿನವರಿಗೆ ಆ ಪುಣ್ಯ ಇಲ್ಲ. ಮೂರು ಗಂಟೆಯ ಉರಿಯಲ್ಲೂ ಕೂರಲೇಬೇಕು. ಅದಕ್ಕೇ ಎಲ್ಲರೂ ಸೀದಾ ಎಸಿ ಅಂಗಡಿಗೆ ಓಡುತ್ತಾರೆ. ಸ್ವಲ್ಪ ತಡೀರಿ, ಮೊದಲು ಮಾಳಿಗೆ ಹತ್ತಿ.

ಸಂಜೆ ಆರಕ್ಕೆ ಮೇಲಿನ ಮಹಡಿಯಲ್ಲಿ ಸ್ಟೂಲ್ ಹಾಕಿಕೊಂಡು ಸ್ಲ್ಯಾಬನ್ನು ಒಳಗಿನಿಂದ ಮುಟ್ಟಿ ನೋಡಿ. ಹೊತ್ತು ಇಳಿದರೂ ಕಾವು ಇಳಿದಿರುವುದಿಲ್ಲ. ಕಾಂಕ್ರೀಟ್ ಹಗಲೆಲ್ಲ ಬಿಸಿಲು ಕುಡಿದು ನಿಧಾನಕ್ಕೆ ಕೆಳಗೆ ಬಿಡುತ್ತದೆ, ನೀವು ದುಡ್ಡು ಕೊಟ್ಟು ತಂದ ಎಸಿ ಅರ್ಧ ಹೊತ್ತು ಆ ಸ್ಲ್ಯಾಬಿನ ಜೊತೆಗೇ ಗುದ್ದಾಡುತ್ತಿರುತ್ತದೆ. ಫೆಬ್ರವರಿಯಲ್ಲೇ ಮಾಳಿಗೆ ಗುಡಿಸಿ, ತೊಳೆದು, ಎರಡು ಕೈ ಬಿಳಿ ಸುಣ್ಣ ಬಳಿಸಿ. ದುಡ್ಡಿದ್ದರೆ ಬಿಸಿಲು ತಿರುಗಿಸುವ ಬಿಳಿ ಪೇಂಟ್ ಸಿಗುತ್ತದೆ, ಅದು ಮಳೆಗೆ ಬೇಗ ಹೋಗುವುದಿಲ್ಲ. ಧೂಳು ಕೂತರೆ ಎರಡೂ ದಂಡ, ಆಗಾಗ ತೊಳೆಯಬೇಕು.

ಆಮೇಲೆ ಪಡುವಣ ಕಿಟಕಿ. ಒಳಗೆ ಪರದೆ ಹಾಕಿದರೆ ಸಾಲದು, ಗಾಜು ದಾಟಿದ ಬಿಸಿಲು ಒಳಗೇ ಉಳಿಯುತ್ತದೆ. ಹೊರಗಡೆಯೇ ಬಿದಿರಿನ ತಟ್ಟಿಯೋ ಹಸಿರು ನೆಟ್ಟೋ ಕಟ್ಟಿ.

ಈಗ ಕೂಲರ್. ನಮ್ಮದು ಒಣ ಬಿಸಿಲು, ಅದೇ ನಮ್ಮ ಲಾಭ. ಹೊರಗೆ 42 ಡಿಗ್ರಿ, ಗಾಳಿಯಲ್ಲಿ ತೇವ ಶೇ 20ರಷ್ಟು ಇದ್ದಾಗ ಒಳ್ಳೆಯ ಕೂಲರ್‌ನಿಂದ 28ರ ಆಸುಪಾಸಿನ ಗಾಳಿ ಬರುತ್ತದೆ. ಒಂದೂವರೆ ಟನ್ ಎಸಿ ಜೋರಾಗಿ ಓಡುವಾಗ ಸುಮಾರು 1,500 ವ್ಯಾಟ್ ಎಳೆದರೆ, ಕೂಲರ್‌ಗೆ 200 ಸಾಕು. ಆದರೆ ಅದನ್ನು ಕೋಣೆಯ ನಡುವೆ ಇಟ್ಟು ಬಾಗಿಲು ಮುಚ್ಚುವವರೇ ಜಾಸ್ತಿ! ಅರ್ಧ ಗಂಟೆಯಲ್ಲಿ ಮೈ ಅಂಟಂಟು, ಫೈಲುಗಳೆಲ್ಲ ಮೆತ್ತಗೆ. ಕೂಲರ್ ಕಿಟಕಿಗೆ ಹೊರಗಿನ ಗಾಳಿ ಎಳೆಯುವಂತೆ ಕೂರಿಸಿ, ಎದುರು ಗೋಡೆಯ ಕಿಟಕಿ ತೆರೆದಿಡಿ. ಬೋರ್‌ವೆಲ್ ಗಡಸು ನೀರಿಗೆ ಪ್ಯಾಡಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಟ್ಯಾಂಕ್ ನೀರನ್ನು ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ. ಇಲ್ಲದಿದ್ದರೆ ಸೊಳ್ಳೆ ಸಾಕಿದ ಹಾಗೆ.

ಮಳೆ ಶುರುವಾಗಿ ಗಾಳಿಗೆ ತೇವ ಬಂದ ಮೇಲೆ ಕೂಲರ್ ನಡೆಯುವುದಿಲ್ಲ. ಆಗ ಎಸಿ ಬೇಕು, ಬೇಕಾದಷ್ಟೇ ವೇಗದಲ್ಲಿ ಓಡುವ ಇನ್ವರ್ಟರ್ ಮಾದರಿಯೇ ಇರಲಿ. 2020ರ ಜನವರಿಯಿಂದ ಹೊಸ ಎಸಿಗಳು 24 ಡಿಗ್ರಿಯಲ್ಲೇ ಶುರುವಾಗಬೇಕೆಂಬ ನಿಯಮ ಇದೆ, ಆದರೂ ನಮ್ಮವರ ಕೈ ಸುಮ್ನಿರಲ್ಲ, ಬಂದವರೆಲ್ಲ 18ಕ್ಕೆ ಒತ್ತುತ್ತಾರೆ. ಅದರಿಂದ ಕೋಣೆ ಬೇಗ ತಂಪಾಗುವುದಿಲ್ಲ, ಯಂತ್ರ ಹೆಚ್ಚು ಹೊತ್ತು ದುಡಿಯುತ್ತದೆ ಅಷ್ಟೇ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6 ಕರೆಂಟ್ ಉಳಿಯುತ್ತದೆ. 26ಕ್ಕೆ ಇಟ್ಟು ಫ್ಯಾನ್ ಹಾಕಿ. ಹಳೆ ಫ್ಯಾನಿಗೆ 75 ವ್ಯಾಟ್ ಬೇಕಾದರೆ ಕಡಿಮೆ ಕರೆಂಟಿನ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನಿಗೆ 30ರ ಹತ್ತಿರ. ಕರೆಂಟ್ ತಯಾರಿಸುವ ಶಕ್ತಿನಗರ ಸ್ಥಾವರ ಪಕ್ಕದಲ್ಲೇ ಇದ್ದರೂ ಬಿಲ್ಲಿನಲ್ಲಿ ನಮಗೇನು ರಿಯಾಯಿತಿ ಇಲ್ಲ, ಅಲ್ವಾ?

ಹೊರಗಿನ ಯೂನಿಟ್ಟನ್ನು ಪಡುವಣ ಗೋಡೆಗೆ ಹಾಕಿಸಬೇಡಿ. ಬೇರೆ ಜಾಗ ಇಲ್ಲದಿದ್ದರೆ ಮೇಲೊಂದು ನೆರಳು ಮಾಡಿ, ಸುತ್ತ ಗಾಳಿ ಆಡಲು ಬಿಡಿ. ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ನೀವೇ ಬಿಚ್ಚಿ ನಲ್ಲಿ ಕೆಳಗೆ ಹಿಡಿಯಿರಿ, ಮೆಕ್ಯಾನಿಕ್ ಬರಲಿ ಎಂದು ಕಾಯಬೇಡಿ.