ಜೆಲ್ಲಿ ರೋಲ್ ಮಾರ್ಟನ್ ಪಿಯಾನೋ ಕೇಳೋದು ಎಲ್ಲಿಂದ ಶುರು ಮಾಡಬೇಕು?

ಹಳೇ ಜಾಝ್ ಕೇಳಬೇಕು ಅಂತ ಆಸೆಯಿಂದ ಕೂತು, ಆ ಕರಕರ ಸದ್ದಿಗೆ ಬೇಜಾರಾಗಿ ಎರಡೇ ನಿಮಿಷದಲ್ಲಿ ಬಿಟ್ಟವರು ತುಂಬ ಜನ ಇದ್ದಾರೆ. ಮೊದಲ ಸಲ ನಾನೂ ಹಾಗೇ ಮಾಡಿದ್ದೆ. ಜಾಝ್ ಶುರುವಾದ ಕಾಲದ ಅಮೆರಿಕದ ಪಿಯಾನೋ ವಾದಕ, ರಚನಕಾರ ಜೆಲ್ಲಿ ರೋಲ್ ಮಾರ್ಟನ್‌ನನ್ನು ಕೇಳಲು ಅವನ 1923ರ ರೆಕಾರ್ಡಿನಿಂದ ಶುರು ಮಾಡಿದ್ದೇ ತಪ್ಪಾಗಿತ್ತು. ಆಗಿನ್ನೂ ರೆಕಾರ್ಡಿಂಗಿಗೆ ಮೈಕ್ ಬಂದಿರಲಿಲ್ಲ, ದೊಡ್ಡ ತುತ್ತೂರಿಯಂಥ ಕೊಳವೆಯ ಮುಂದೆ ನುಡಿಸಬೇಕಿತ್ತು. ಹಾಗಾಗಿ ಪಿಯಾನೋದ ಕೆಳಗಿನ ಸ್ವರಗಳೆಲ್ಲ ಮಸುಕು. ಮಾರ್ಟನ್‌ನ ಜೀವ ಇರುವುದೇ ಎಡಗೈಯಲ್ಲಿ, ಅದೇ ಕೇಳದಿದ್ದರೆ ಹೇಗೆ?

ಅದಕ್ಕೇ ಮೊದಲು 'ಬ್ಲ್ಯಾಕ್ ಬಾಟಮ್ ಸ್ಟಾಂಪ್' ಹಾಕಿ. 1926ರ ಸೆಪ್ಟೆಂಬರ್‌ನಲ್ಲಿ ಶಿಕಾಗೋದಲ್ಲಿ ಅವನ ರೆಡ್ ಹಾಟ್ ಪೆಪ್ಪರ್ಸ್ ತಂಡ ವಿಕ್ಟರ್ ಕಂಪನಿಗೆ ನುಡಿಸಿದ್ದು. ಹೆಚ್ಚುಕಮ್ಮಿ ಮೂರು ನಿಮಿಷ. ಒಂದು ಸಲ ಸುಮ್ನೆ ಕೇಳಿ. ಎರಡನೇ ಸಲ ತೊಡೆ ಮೇಲೆ ತಾಳ ಹಾಕುತ್ತಾ ಕೇಳಿ. ಓಡುತ್ತಿದ್ದ ತಂಡ ಇದ್ದಕ್ಕಿದ್ದಂತೆ ಗಪ್‌ಚುಪ್ ಆಗುತ್ತದೆ, ಒಬ್ಬನೇ ಆ ಖಾಲಿ ಜಾಗ ತುಂಬುತ್ತಾನೆ, ತಾಳ ಮಾತ್ರ ನಿಮ್ಮ ಕೈಯಲ್ಲಿ ನಡೆದೇ ಇರುತ್ತದೆ, ಮತ್ತೆ ಎಲ್ಲರೂ ಸರಿಯಾದ ಹೊತ್ತಿಗೆ ಬಂದು ಸೇರುತ್ತಾರೆ. ಇದಕ್ಕೆ ಬ್ರೇಕ್ ಅಂತಾರೆ. ಬ್ರೇಕ್ ಇಲ್ಲದೆ ಜಾಝ್ ಇಲ್ಲ ಅನ್ನೋದು ಮಾರ್ಟನ್‌ನ ಹಟ. ನಡುವೆ ಒಂದು ಕಡೆ ಇಡೀ ತಂಡ ಸುಮ್ಮನಾಗಿ ಪಿಯಾನೋ ಒಂದೇ ಉಳಿಯುತ್ತದೆ. ಆದರೂ ಸದ್ದು ಕಮ್ಮಿ ಆಯ್ತು ಅನ್ನಿಸಲ್ಲ ಅಲ್ವಾ?

ಆ ಗುಟ್ಟು ಗೊತ್ತಾದರೆ ಅರ್ಧ ಕೆಲಸ ಮುಗೀತು. ಪಿಯಾನೋ ನುಡಿಸುವವನು ಇಡೀ ಬ್ಯಾಂಡನ್ನೇ ಅನುಕರಿಸಬೇಕು ಅಂತ ಅವನು ನಂಬಿದ್ದ. ಈಗ ಹೆಡ್‌ಫೋನ್ ಹಾಕಿಕೊಂಡು 1923ಕ್ಕೆ ವಾಪಸ್ ಹೋಗಿ, ಅವನೊಬ್ಬನೇ ನುಡಿಸಿದ 'ಕಿಂಗ್ ಪೋರ್ಟರ್ ಸ್ಟಾಂಪ್' ಕೇಳಿ. ಬಲಗೈ ಕಡೆ ಗಮನ ಕೊಡಲೇಬೇಡಿ. ಎಡಗೈ ಮಾತ್ರ ಹಿಂಬಾಲಿಸಿ: ಕೆಳಗೊಂದು ಸ್ವರ, ಮೇಲೊಂದು ಸ್ವರಗುಚ್ಛ, ಹಾಗೇ ಹೋಗ್ತಾ ಹೋಗ್ತಾ ಟ್ರಾಂಬೋನ್ ಥರ ಒಂದು ಓಟ. ಮುಂದಿನ ಸಲ ಬಲಗೈ ಕೇಳಿ, ಅಲ್ಲಿ ಟ್ರಂಪೆಟ್, ಕ್ಲಾರಿನೆಟ್ ಎರಡೂ ಇವೆ. ಆಮೇಲೆ 1935ರಲ್ಲಿ ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ತಂಡ ಇದೇ ರಚನೆಯನ್ನು ನುಡಿಸಿದ್ದನ್ನು ಹಾಕಿ. ಅಷ್ಟು ದೊಡ್ಡ ತಂಡದ ಸದ್ದಿನಲ್ಲೂ ಈ ಎರಡು ಕೈಗಳು ಕೇಳುತ್ತವೆ. ದೊಡ್ಡ ತಂಡಗಳ ಕುಣಿತದ ಜಾಝ್ ಮೆರೆದ ಆ ಸ್ವಿಂಗ್ ಕಾಲದಲ್ಲಿ ದೇಶವೆಲ್ಲ ಈ ರಚನೆಗೆ ಕುಣಿಯುತ್ತಿದ್ದಾಗ, ಬರೆದವನು ವಾಷಿಂಗ್ಟನ್‌ನ ಒಂದು ಸಣ್ಣ ಬಾರಿನಲ್ಲಿ ದುಡಿಯುತ್ತಿದ್ದ. ಇದು ನೆನಪಾದಾಗಲೆಲ್ಲ ಹೊಟ್ಟೆ ಉರಿಯುತ್ತದೆ ನನಗೆ.

ಅವನ ಕಥೆ ಚುಟುಕಾಗಿ ಹೇಳಿಬಿಡುತ್ತೇನೆ. ಹುಟ್ಟಿದ್ದು 1890ರ ಸುಮಾರಿಗೆ ನ್ಯೂ ಆರ್ಲಿಯನ್ಸ್‌ನ ಕ್ರಿಯೋಲ್ (ಫ್ರೆಂಚ್, ಆಫ್ರಿಕನ್ ಮಿಶ್ರ ಮೂಲದ) ಮನೆತನದಲ್ಲಿ. ಹುಡುಗನಾಗಿದ್ದಾಗಲೇ ಅದೇ ಊರಿನ ಕೆಂಪುದೀಪದ ಕೇರಿ ಸ್ಟೋರಿವಿಲ್‌ನ ವೇಶ್ಯಾಗೃಹಗಳಲ್ಲಿ ಪಿಯಾನೋ ನುಡಿಸಿದ, ಅದು ಗೊತ್ತಾಗಿ ಮುತ್ತಜ್ಜಿ ಮನೆಯಿಂದ ಹೊರಗೆ ಹಾಕಿದಳು. ಹಲ್ಲಿನಲ್ಲಿ ವಜ್ರ, ಬಾಯಿ ತುಂಬ ಜಂಬ. 1902ರಲ್ಲಿ ಜಾಝ್ ಕಂಡುಹಿಡಿದವನೇ ನಾನು ಅಂದುಬಿಟ್ಟ. ಈ ಮಾತು ಹಿಡಿದುಕೊಂಡು ಅವನನ್ನು ತಳ್ಳಿಹಾಕುವವರು ಇದ್ದಾರೆ. ನನಗೆ ಅದು ಸರಿ ಕಾಣಲ್ಲ. ಬೇರೆಯವರು ಗಾಳಿಗೆ ಬಿಟ್ಟಿದ್ದನ್ನು ಕಾಗದದ ಮೇಲೆ ಕೂರಿಸಿದವನು ಅವನು. ಅವನ 'ಜೆಲ್ಲಿ ರೋಲ್ ಬ್ಲೂಸ್' 1915ರಲ್ಲೇ ಅಚ್ಚಾಗಿತ್ತು.

ಕೊನೆಗೆ 1938ರ ರೆಕಾರ್ಡಿಂಗ್‌ಗಳು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಜಾನಪದ ಸಂಗೀತ ಸಂಗ್ರಹಿಸುತ್ತಿದ್ದ ಅಲನ್ ಲೋಮ್ಯಾಕ್ಸ್ ಅವನನ್ನು ಕೂರಿಸಿಕೊಂಡು ಗಂಟೆಗಟ್ಟಲೆ ಮಾತಾಡಿಸಿದ, ಅವನಿಂದ ಪಿಯಾನೋ ನುಡಿಸಿಸಿದ. ಕೆಲವು ಹಾಡು ಬಲು ಪೋಲಿ, ಮಕ್ಕಳು ಪಕ್ಕದಲ್ಲಿದ್ದರೆ ಬೇಡ. ಇದರಲ್ಲಿ ಮೊದಲು 'ದಿ ಕ್ರೇವ್' ಹಾಕಿ, ಎಡಗೈ ಲಯವನ್ನು ಮೂರು, ಮೂರು, ಎರಡು ಅಂತ ಎಣಿಸಿ. ಕ್ಯೂಬಾ ಕಡೆಯಿಂದ ಬಂದ ಈ ನಡೆಯನ್ನು ಅವನು ಸ್ಪ್ಯಾನಿಶ್ ಬಣ್ಣ ಅಂತಿದ್ದ, ಇದಿಲ್ಲದಿದ್ದರೆ ಜಾಝ್‌ಗೆ ಹದವಾದ ಮಸಾಲೆ ಬೀಳಲ್ಲ ಅಂತಲೂ ಹೇಳಿದ್ದ. ಆಮೇಲೆ 'ಮೇಪಲ್ ಲೀಫ್ ರ‍್ಯಾಗ್' ಹುಡುಕಿ. ಇದು ಜಾಝ್‌ಗಿಂತ ಮುಂಚಿನ ರ‍್ಯಾಗ್‌ಟೈಮ್ ಶೈಲಿಯ ರಚನೆ. ಅದನ್ನು ಮೊದಲು, ಆ ಶೈಲಿ ಬೆಳೆದ ಮಿಸೌರಿ ಕಡೆಯವರ ಹಾಗೆ ನೆಟ್ಟಗೆ ನುಡಿಸುತ್ತಾನೆ, ಆಮೇಲೆ ತನ್ನ ಥರ. ಅದೇ ಸ್ವರಗಳು, ಆದರೆ ಈಗ ಮೈ ಸಡಿಲ ಬಿಟ್ಟು ನಡೆಯುತ್ತವೆ.

ವಾಲ್ಯೂಮ್ ಜಾಸ್ತಿ ಇಟ್ಟು ಕೇಳಿ. ಪಿಯಾನೋ ಹಿಂದೆ ಟಕ್ ಟಕ್ ಅಂತ ಒಂದು ಸದ್ದು ಬರುತ್ತದೆ, ರೆಕಾರ್ಡು ಕೆಟ್ಟಿದೆ ಅಂದುಕೊಳ್ಳಬೇಡಿ. ಅದು ನೆಲಕ್ಕೆ ತಾಳ ಹಾಕುತ್ತಿರುವ ಮಾರ್ಟನ್‌ನ ಕಾಲು.